ಎರಡು ಡಬ್ಬ ಅದು, ಮೂರು ಡಬ್ಬ ಇದು

ಪೀಟರ್ಸ್ ಟಿಕಲ್, ಲ್ಯಾಬ್ರಡಾರ್
8 ಮಾರ್ಚ್ 1999, ಸೋಮವಾರ

ಪ್ರೀತಿಯ ಗಾರ್ಲೆಂಡ್,

ನಿನ್ನ ಬೆನ್ನುನೋವು ಈಗ ಹೇಗಿದೆ? ಗಣಿಯ ಊಟದಲ್ಲಿ ಉಪ್ಪು ಜಾಸ್ತಿ ಅಂತ ಬರೆದಿದ್ದೆ. ಉಪ್ಪುಮೀನು ತಿಂದು ಬೆಳೆದವನ ಬಾಯಲ್ಲಿ ಈ ದೂರು ಕೇಳಿ ನಿನ್ನ ಅಪ್ಪನಿಗೂ ಓದಿ ಹೇಳಿದೆ, ಅವರು ಸುಮ್ಮನೆ ತಲೆಯಾಡಿಸಿದರು. ಉಣ್ಣೆಯ ಒಳಅಂಗಿ ಎರಡು ಕಳಿಸಿದ್ದೇನೆ, ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮಾವನೂ ಚೆನ್ನಾಗಿದ್ದಾರೆ, ಎಡಗೆನ್ನೆಯ ಮೇಲೆ ಚಳಿ ಕಚ್ಚಿದ ಒಂದು ಕಪ್ಪು ಕಲೆ ಬಿಟ್ಟರೆ. ಆ ಕಲೆಯ ಕಥೆಯನ್ನೇ ಬರೆಯಲು ಕೂತಿದ್ದೇನೆ. ನಿನ್ನೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುವುದು ಇಲ್ಲಿಯವರೆಗೆ ಕೇಳುತ್ತದೆ, ಅದೂ ಅಲ್ಲದೆ ಅರ್ಧ ಕೇಳಿ ಕೂಗಾಡುವುದು ನಿನ್ನ ಹುಟ್ಟುಗುಣ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಹಿಮದ ಮೇಲೆ ಓಡಿಸುವ ನಿನ್ನ ಮೋಟಾರು ಬಂಡಿಯ ಎಂಜಿನ್ ಸುಟ್ಟುಹೋಯಿತು. ತಪ್ಪು ಯಾರದು ಅಂತ ಹುಡುಕಿದರೆ ಮೂರು ಮನೆಗೆ ಹಂಚುವಷ್ಟಿದೆ, ಅದರಲ್ಲಿ ದೊಡ್ಡ ಪಾಲು ನಿನ್ನದೇ. ಅತ್ತೆ ತೀರಿಕೊಂಡ ವರ್ಷ ಮಾವ ತಮ್ಮ ಬಂಡಿಯನ್ನು ನಿನ್ನ ಕೈಗಿಟ್ಟರು. ಈಸ್ಟರ್ ಓಟದಲ್ಲಿ ಗೆಲ್ಲುವ ಹುಚ್ಚಿಗೆ ನೀನು ಅವರನ್ನು ಒಂದು ಮಾತೂ ಕೇಳದೆ ಎಂಜಿನ್ನಿನ ಮೇಲಿನ ಮುಚ್ಚಳವನ್ನು, ನೀನು ಹೆಡ್ಡು ಅನ್ನುವುದನ್ನು, ಬಿಚ್ಚಿಟ್ಟು ತಳ ತೇಯಿಸಿದ ಇನ್ನೊಂದನ್ನು ಕೂರಿಸಿದೆ. ಬಂಡಿ ಹಾರಿಕೊಂಡು ಹೋಗತೊಡಗಿತು, ನಿಜ. ಅವತ್ತಿನಿಂದ ಅದಕ್ಕೆ ಅಂಗಡಿಯ ಎಂಬತ್ತೇಳು ನಂಬರಿನ ಪೆಟ್ರೋಲು ರುಚಿಸಲಿಲ್ಲ ಎನ್ನುವುದೂ ನಿಜ. ಶರತ್ಕಾಲದ ಕೊನೆಯ ಹಡಗು ತಂದಿಳಿಸಿದ ಆ ಎಂಬತ್ತೇಳನ್ನು ಬಿಟ್ಟರೆ ಜುಲೈವರೆಗೆ ನಮಗೆ ಬೇರೆ ಗತಿಯಿಲ್ಲ. ನೀನು ಅದಿರು ಹುಡುಕುವವರ ಹತ್ತಿರ ಉಳಿದಿದ್ದ ವಿಮಾನದ ಪೆಟ್ರೋಲನ್ನು, ಆ ನೂರು ನಂಬರಿನದನ್ನು, ಒಂದು ಡ್ರಮ್ಮು ಕೊಂಡು ಹಾಕಿ ಹೋದೆ. ಎರಡು ಡಬ್ಬ ಅದು, ಮೂರು ಡಬ್ಬ ಇದು ಅಂತ ನನಗೆ ಹತ್ತು ಸಲ ಹೇಳಿದೆ. ನಾನು ಹಾಗೆಯೇ ಬೆರೆಸಿ ಡಬ್ಬಗಳ ಕುತ್ತಿಗೆಗೆ ಕೆಂಪು ಪಟ್ಟಿ ಕಟ್ಟಿಟ್ಟೆ. ಬಂಡಿಗೆ ಅದನ್ನೇ ಹಾಕಬೇಕು ಅಂತ ಮಾವನಿಗೆ ನೀನೇ ಫೋನಿನಲ್ಲಿ ಹೇಳಿದೆ. ನಾನು ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದೆ. ಅವರು "ಹೂಂ, ಸರಿ. ಇಲ್ಲಿ ಗಾಳಿ ಜೋರು" ಅಂದು ಫೋನಿಟ್ಟರು.

ಫೆಬ್ರವರಿಯಲ್ಲಿ ಮಾವ ಸೌದೆಗೆ ಒಳಕೊಲ್ಲಿಗೆ ಹೋದಾಗ ಪೆಟ್ರೋಲು ಸಾಲದೆ ಅರ್ಧದಾರಿಯ ಗುಡಿಸಲಿನ ಡ್ರಮ್ಮಿನಿಂದ ಎರಡು ಡಬ್ಬ ತೆಗೆದುಕೊಂಡರು. ಆ ಡ್ರಮ್ಮು ಯಾರದೂ ಅಲ್ಲ, ಎಲ್ಲರದೂ. ತೆಗೆದವರು ವಾರದೊಳಗೆ ತುಂಬಬೇಕು. ಮಾವನ ಪ್ರಕಾರ ಬರೀ ತುಂಬಿದರೆ ಸಾಲದು, ತೆಗೆದದ್ದಕ್ಕಿಂತ ಒಳ್ಳೆಯದನ್ನು ತುಂಬಬೇಕು. ಅವರು ಕೊಟ್ಟಿಗೆಗೆ ಹೋಗಿ ಪ್ರತಿಯೊಂದು ಡಬ್ಬವನ್ನೂ ಮೂಸಿ ನೋಡಿದ್ದಾರೆ. ಕೆಂಪು ಪಟ್ಟಿಯದರ ವಾಸನೆ ಮೂಗಿಗೆ ಹತ್ತಿದೆ. ಮನೆಯಲ್ಲಿರುವ ಉತ್ತಮವಾದದ್ದು ಇದೇ ಅಂತ ಆರಿಸಿ, ನಾನು ಬೆರೆಸಿಟ್ಟಿದ್ದನ್ನು ಒಂದು ಹನಿ ಬಿಡದೆ ಊರಿನ ಡ್ರಮ್ಮಿಗೆ ಸುರಿದು ಬಂದರು. ನಿನ್ನ ಬಂಡಿಗೆ ಅಂಗಡಿಯ ಪೆಟ್ರೋಲು ಹಾಕಿದರು. ನಮ್ಮ ಜನ ಮರ್ಯಾದೆಯಿಂದಲೇ ಕೆಡುವವರು.

ಇಪ್ಪತ್ತನಾಲ್ಕನೆಯ ತಾರೀಕು, ಮೈನಸ್ ಮೂವತ್ತೊಂದು ಡಿಗ್ರಿ. ಮಾವ ಹಿಂದೆ ಜಾರುಗಾಡಿಯ ತುಂಬ ಸೌದೆ ಹೇರಿಕೊಂಡು ಹೆಪ್ಪುಗಟ್ಟಿದ ಕೊಲ್ಲಿಯ ಸಮತಟ್ಟಿನಲ್ಲಿ ಪೂರ್ತಿ ವೇಗದಲ್ಲಿ ಬರುತ್ತಿದ್ದರಂತೆ. ಟ್ರಿಫೀನಾ ಚಿಕ್ಕಮ್ಮ ಮೀನಿಗಾಗಿ ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಹತ್ತಿರ ಕೂತಿದ್ದವಳು ನೋಡಿದ್ದಾಳೆ. ಅವಳ ಬಾಯಿ ನಿನಗೆ ಗೊತ್ತೇ ಇದೆ. "ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡ್ಸಿದ ಹಾಗೆ ಎಂಜಿನ್ನು ಬಡ್ಕೊತಾ ಇತ್ತು ಕಣೇ. ನಿಲ್ಸಿ, ನಿಲ್ಸಿ ಅಂತ ಎರಡೂ ಕೈ ಎತ್ತಿ ಕುಣಿದೆ. ನಿಮ್ಮ ಮಾವ ನಕ್ಕೊಂಡು ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದ್ರು" ಅಂದಳು. ಅದಾಗಿ ಕಾಲು ಗಂಟೆಗೆ ಬಂಡಿ ನಿಂತಿತು. ಮನೆಗೆ ಒಂಬತ್ತು ಕಿಲೋಮೀಟರು. ಎಪ್ಪತ್ತನಾಲ್ಕು ವರ್ಷದ ಮನುಷ್ಯ ನಡೆದೇ ಬಂದರು. ಬಾಗಿಲಲ್ಲಿ ನಿಂತಾಗ ಹುಬ್ಬಿನ ಮೇಲೆಲ್ಲ ಹಿಮ ಕಟ್ಟಿತ್ತು. ಮೊದಲು ಕೇಳಿದ್ದು ಚಹಾ. ನಾನು ನೀರು ತುಂಬದೆಯೇ ಕೆಟಲನ್ನು ಒಲೆಗಿಟ್ಟಿದ್ದೆ. ಇದನ್ನು ನಿನಗೆ ಹೇಳದಿದ್ದರೆ ಸುಳ್ಳು ಬರೆದಂತಾಗುತ್ತದೆ.

ಊರಿನ ಎಂಜಿನ್ನುಗಳನ್ನೆಲ್ಲ ರಿಪೇರಿ ಮಾಡುವ ರೂಬೆನ್ ಅದನ್ನು ತನ್ನ ಬಂಡಿಗೆ ಕಟ್ಟಿ ಎಳೆದು ತಂದು ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ನಡುವೆ ಬೆರಳು ತೂರುವಷ್ಟು ತೂತು. "ಅತ್ತಿಗೆ, ನಂಬರ್ ಜಾಸ್ತಿ ಅಂದ್ರೆ ಬಲ ಜಾಸ್ತಿ ಅಂತ ಇವರೆಲ್ಲ ತಿಳ್ಕೊಂಡಿದಾರೆ. ಬಲ ಅಲ್ಲ, ತಾಳ್ಮೆ. ಎಷ್ಟು ಒತ್ತಿದ್ರೂ ಕಿಡಿ ಬರೋವರೆಗೆ ಹತ್ಕೊಳ್ಳದೇ ಕಾಯುತ್ತೆ, ಅಷ್ಟೇ. ಗಾರ್ಲೆಂಡ್ ಆ ಹೆಡ್ಡು ತೇಯ್ಸಿ ಒತ್ತೋದು ಜಾಸ್ತಿ ಮಾಡಿದ. ಇವರು ತಾಳ್ಮೆ ಇಲ್ಲದ್ದನ್ನ ಹಾಕಿದ್ರು" ಅಂದ. ಹಾಗಾದರೆ ಬರೀ ನೂರನ್ನೇ ಹಾಕಿಬಿಟ್ಟರೆ ಅಂತ ಕೇಳಿದೆ. ಆ ಚಳಿಗೆ ಬೆಳಗ್ಗೆ ಸ್ಟಾರ್ಟೇ ಆಗುವುದಿಲ್ಲವಂತೆ. ಅದೂ ಸರಿ. ಮಾವ ನೂರರ ಬೆರಕೆ ಸುರಿದ ಆ ಡ್ರಮ್ಮಿನಿಂದ ಪೆಟ್ರೋಲು ತೆಗೆದವರೆಲ್ಲ ಈಗ ಸ್ಟಾರ್ಟ್ ಮಾಡಲು ಹಗ್ಗ ಎಳೆದು ಎಳೆದು ಬೆವರುತ್ತಿದ್ದಾರೆ, ಪ್ಲಗ್ಗು ಹೋಗಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ನಾನು ಬಾಯಿಬಿಟ್ಟಿಲ್ಲ.

ಇನ್ನು ನನ್ನ ತೀರ್ಮಾನ. ಈಸ್ಟರ್‌ಗೆ ಹನ್ನೊಂದು ಬಂಡಿಗಳು ಕೊಲ್ಲಿ ದಾಟಿ ಆಚೆ ದಡದ ಚರ್ಚಿಗೆ ಹೋಗಬೇಕು. ಎಂದಿನಂತೆ ಎಲ್ಲರ ಮುಂದೆ ಈ ಬಂಡಿಯಲ್ಲಿ ಮಾವ. ನಾಲ್ಕು ಕಡೆ ಇಳಿದು, ಕೋಲಿನಿಂದ ಮಂಜುಗಡ್ಡೆ ಕುಟ್ಟಿ, ಗಟ್ಟಿಯಿದೆಯೇ ಅಂತ ಅದರ ಸದ್ದಿಗೆ ಕಿವಿಗೊಟ್ಟು, ಬನ್ನಿ ಅಂದ ಮೇಲೆಯೇ ಉಳಿದವರು ಬರುವುದು. ಮಕ್ಕಳು ಮರಿ ಸೇರಿ ಮೂವತ್ತು ಜನ. ಅವರ ಮುಂದೆ ಹೋಗುವ ಬಂಡಿ ಅಂಗಡಿಯಲ್ಲಿ ಸಿಗುವುದನ್ನು ಕುಡಿದು ಬದುಕುವ ಬಂಡಿಯಾಗಿರಬೇಕು. ನೀನು ಬಿಚ್ಚಿಟ್ಟ ಹಳೆಯ ಹೆಡ್ಡು ಮೆಟ್ಟಿಲ ಕೆಳಗೆ ಹಿಟ್ಟಿನ ಚೀಲದಲ್ಲಿ ಸಿಕ್ಕಿತು. ಪಿಸ್ಟನ್ನು ಗುರುವಾರದ ವಿಮಾನಕ್ಕೆ ಬರುತ್ತದೆ, ರೂಬೆನ್ ಎರಡನ್ನೂ ಹಾಕುತ್ತಾನೆ. ತೇಯಿಸಿದ ಹೆಡ್ಡನ್ನು ನಾನು ಬಾಗಿಲಿಗೆ ಒತ್ತು ಇಟ್ಟಿದ್ದೇನೆ, ಗಾಳಿಗೆ ಬಾಗಿಲು ಬಡಿಯುವುದು ನಿಂತಿದೆ. ನಿನ್ನ ಓಟ ಈ ವರ್ಷಕ್ಕೆ ಮುಗಿಯಿತು. ಬೈಯಬೇಕೆನಿಸಿದರೆ ಬರೆದು ಬೈಯಿ, ಓದುತ್ತೇನೆ.

ಮಾವನನ್ನು ನಾನು ಎದುರಿಗೆ ಕೂರಿಸಿ ಗದರಿಸಿದೆ. ಗದರಿಸಿ ಮುಗಿಸುವವರೆಗೂ ನನ್ನ ಬಾಯನ್ನೇ ನೋಡುತ್ತಿದ್ದರು. "ಇದ್ದದ್ರಲ್ಲಿ ಒಳ್ಳೇದನ್ನೇ ಕೊಟ್ಟೆನಲ್ಲಮ್ಮ" ಅಂದರು. ಎರಡು ತುಂಡು ರೊಟ್ಟಿಗೆ ಕೆಂಪು ಹಣ್ಣಿನ ಜಾಮ್ ಸವರಿ ಕೊಟ್ಟೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ರೂಬೆನ್, ಟ್ರಿಫೀನಾ ಚಿಕ್ಕಮ್ಮ ಇಬ್ಬರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ದೇವರು ನಿನ್ನನ್ನು ಮಣ್ಣಿನ ಕೆಳಗೂ ಮೇಲೂ ಕಾಯಲಿ.

ನಿನ್ನ,
ವರ್ನಾ

ತಾ.ಕ. ಗುರುವಾರ. ವಿಮಾನ ಇಳಿಯುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅದರ ಸದ್ದು ನನಗೆ ಕೇಳಿತು. ಕಿಟಕಿಯ ಪಕ್ಕದಲ್ಲೇ ಕೂತ ಮಾವ ತಲೆ ಎತ್ತಲಿಲ್ಲ. ಸದ್ದು ಬಂದೊಡನೆ ಟೋಪಿ ಹುಡುಕುವ ಮನುಷ್ಯ. ಅವರ ಬೆನ್ನ ಹಿಂದೆ ನಿಂತು "ಮಾವ, ಚಹಾ ಬೇಕಾ?" ಅಂತ ಮೂರು ಸಲ ಕೇಳಿದೆ. ಕೆಟಲಿನ ಮುಚ್ಚಳ ನೆಲಕ್ಕೆ ಬೀಳಿಸಿದೆ. ಅಲುಗಲಿಲ್ಲ. ಎದುರಿಗೆ ಬಂದು ನಿಂತೆ. "ಹೂಂ, ಸರಿ" ಅಂದರು. ಗಾರ್ಲೆಂಡ್, ಅವರಿಗೆ ಎಂಜಿನ್ ಬಡಿದುಕೊಂಡದ್ದು ಕೇಳಿಲ್ಲ. ನಿನ್ನ ಎರಡು ಡಬ್ಬ ಮೂರು ಡಬ್ಬವೂ ಕೇಳಿರಲಿಲ್ಲ. ಮಂಜುಗಡ್ಡೆಯ ಸದ್ದೂ ಕೇಳುವುದಿಲ್ಲ. ರಜೆ ಹೇಗಾದರೂ ಹೊಂದಿಸಿಕೊಂಡು ಈಸ್ಟರ್‌ಗೆ ಬಾ, ಮುಂದಿನ ಬಂಡಿಯಲ್ಲಿ ಅವರ ಜೊತೆ ನೀನಿರು. ಇನ್ನೊಂದು. ಕೇಳದೆ ಹೆಡ್ಡು ಬದಲಿಸಿದ್ದಕ್ಕೆ ನೀನು ಕ್ರಿಸ್‌ಮಸ್ ದಿನ ಫೋನಿನಲ್ಲಿ ಅಷ್ಟು ಹೊತ್ತು ಕ್ಷಮೆ ಕೇಳಿದೆ, ಅಪ್ಪ ಎರಡೇ ಮಾತಿನಲ್ಲಿ ಮುಗಿಸಿದರು ಅಂತ ಇವತ್ತಿಗೂ ಕೊರಗುತ್ತೀಯಲ್ಲ. ಹೋದ ವಾರ ಅವರು ನನ್ನನ್ನು ಕೇಳಿದರು: "ಆ ಹೆಡ್ ವಿಚಾರ ಗಾರ್ಲೆಂಡ್ ಏನಾದ್ರೂ ಬರ್ದಿದಾನಾ?" ವಯಸ್ಸಿನ ಮರೆವು ಅಂದುಕೊಂಡಿದ್ದೆ. ಅವರಿಗೇ ಬರೆ. ಅಕ್ಷರ ದಪ್ಪಗಿರಲಿ.