ಗುಮ್ಮಟ ನೋಡುತ್ತಾ ಕೂತದ್ದು

ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ನಾನು ಬರಲಿಲ್ಲವೆಂದು ಗಾಬರಿಯಾಗಬೇಡ. ದೊಡ್ಡ ಸ್ಟೇಷನ್ನಿನ ಗುಮ್ಮಟವನ್ನು ಕತ್ತೆತ್ತಿ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ನಿವೃತ್ತ ಗಾರ್ಡ್ ಒಬ್ಬರು, "ಇಷ್ಟು ದೊಡ್ಡದು ಕಟ್ಟಿದವರು ಟಿಕೆಟ್ ಕೊಡೋ ಕಿಟಕಿನೇ ಮರೆತಿದ್ರು ನೋಡಿ!" ಎಂದರು. ನಿಮ್ಮಪ್ಪ ಹೋದ ಮೇಲೆ ನಾನು ಹಾಗೆ ನಕ್ಕಿರಲೇ ಇಲ್ಲ. ಯುದ್ಧಕಾಲದಲ್ಲಿ ಮನೆ ಕಳೆದುಕೊಂಡವರೆಲ್ಲ ಇಲ್ಲೇ ಮಲಗುತ್ತಿದ್ದರಂತೆ. ಆ ಗಾರ್ಡ್ ಹುಟ್ಟಿದ್ದೂ ಆಗಲೇ, ಈ ಕಲ್ಲುಹಾಸಿನ ಮೇಲೆಯೇ ಅಂತೆ. ಕೇಳುತ್ತಾ ಕೂತವಳಿಗೆ ರೈಲು ಹೊರಟದ್ದೇ ತಿಳಿಯಲಿಲ್ಲ.

"ಅಯ್ಯಯ್ಯೋ, ನನ್ನ ಮಾತಿನಿಂದ ನಿಮ್ಮ ರೈಲು ತಪ್ಪಿತಲ್ಲ!" ಎಂದು ಪೇಚಾಡಿಕೊಂಡು, ಮುಂದಿನ ರೈಲಿಗೆ ಅವರೇ ಹತ್ತಿಸಿದರು. ಅದು ಹೊರಡುವಷ್ಟರಲ್ಲಿ ನಾನೇ ಇಳಿದುಬಿಟ್ಟೆ. ಸ್ಟೇಷನ್ನಿನ ಗಡಿಯಾರದ ಬಗ್ಗೆ ಅವರು ಹೇಳುತ್ತಿದ್ದ ಕಥೆ ಅರ್ಧಕ್ಕೇ ನಿಂತಿತ್ತು.

ಇನ್ನು ಮುಂದೆ ನಿನ್ನ ಮನೆಯಲ್ಲೇ ಇರುತ್ತೇನೆಂದು ಮುಂಚೆಯೇ ಕಳಿಸಿದ್ದ ಪೆಟ್ಟಿಗೆಯನ್ನು ಮರೆಯದೆ ವಾಪಸ್ ಕಳಿಸು. ಒಳ್ಳೆಯ ಬಟ್ಟೆಗಳೆಲ್ಲ ಅದರಲ್ಲೇ ಇವೆ.

ಇಂತಿ,
ನಿನ್ನ ಅಮ್ಮ