ಬಲಗೈಯಲ್ಲೇ ಬರಿ

ಶಾಗ್ಯ ಊರಿನಲ್ಲಿರುವ ಅಪ್ಪನಿಗೆ ಮಗಳು ಯಶೋದ ಬರೆಯುವುದು.

ಕುಡುಗೋಲು ತಗುಲಿದ ನಿನ್ನ ಬಲಗೈ ಬೆರಳಿನ ನರ ಹೊಲಿದ ಕೊಳ್ಳೇಗಾಲದ ಡಾಕ್ಟರು ಪಟ್ಟಿ ಬಿಚ್ಚಿ, ದಿನಾ ಬೆರಳು ಮಡಿಸಿ ಬಿಡಿಸಲು ಹೇಳಿದ್ದರು. ನೀನು ಊರಿಗೆ ಬಂದವನೇ ನಾಟಿ ವೈದ್ಯರಿಂದ ಕಟ್ಟು ಹಾಕಿಸಿಕೊಂಡೆಯಂತೆ. ‘ಕೈನ ದೇವ್ರಂಗೆ ಮಡಿಕಂಡವ್ರೆ ಕಣವ್ವ, ಮುಟ್ಟಕೂ ಬುಡಾಕಿಲ್ಲ’ ಎಂದಳು ಅವ್ವ.

ನಮ್ಮ ಲ್ಯಾಬಿನಲ್ಲಿ ಕಾಂಡಕೋಶಗಳನ್ನು, ಅಂದರೆ ಇನ್ನೂ ಏನೂ ಆಗದ ಕೋಶಗಳನ್ನು, ರೇಷ್ಮೆ ಎಳೆಗಳ ಮೇಲೆ ಬೆಳೆಸುತ್ತೇವೆ. ಒಂದು ತಟ್ಟೆಯ ಎಳೆಗಳನ್ನು ಮೆಷಿನ್ ಮೆಲ್ಲಗೆ ಎಳೆದು ಬಿಡುತ್ತಿರುತ್ತದೆ. ಅಲ್ಲಿಯ ಕೋಶಗಳು ಸಾಲಾಗಿ ನಿಂತು, ಬೆರಳನ್ನು ಎಳೆದು ಮಡಿಸುವ, ಹುರಿಯಂಥ ನರದಂತೆ ಆಗತೊಡಗಿವೆ. ಎಳೆಯದೆ ಬಿಟ್ಟ ತಟ್ಟೆಯವು ದಿಕ್ಕಿಲ್ಲದೆ ಹರಡಿವೆ. ಅದನ್ನು ನೋಡಿದಾಗಲೆಲ್ಲ ನಿನ್ನ ಕೈ ನೆನಪಾಗಿ, ಕೂತಲ್ಲಿ ಕೂರಲಾಗುತ್ತಿಲ್ಲ.

ತಟ್ಟೆಯಲ್ಲಿ ಕಂಡದ್ದೆಲ್ಲ ಕೈಯಲ್ಲೂ ಹಾಗೇ ಆಗುತ್ತದೆ ಎನ್ನಲಾರೆ. ಆದರೆ ಬೆರಳು ಆಡಿಸುತ್ತಿರಬೇಕು ಎಂದು ಡಾಕ್ಟರೂ ಹೇಳಿದ್ದಾರೆ. ಹೀಗೇ ಬಿಟ್ಟರೆ ಬೆರಳು ಮಡಿಸಲಾಗದಂತೆ ಬಿಗಿದುಹೋಗುತ್ತದೆ, ಆಮೇಲೆ ಕುಡುಗೋಲು ಹಿಡಿಯಲಾಗುವುದಿಲ್ಲ. ನಾಳೆಯೇ ಅವ್ವನ ಜೊತೆ ಹೋಗಿ ಆ ಡಾಕ್ಟರಿಗೆ ಕೈ ತೋರಿಸು.

ಫೋನ್ ಮಾಡಿದರೆ ಅದನ್ನು ಎಡಗೈಯಲ್ಲಿ ಹಿಡಿದು ‘ಎಲ್ಲಾ ಸರಿಯಾಗ್ಯದೆ’ ಅನ್ನುತ್ತೀಯ. ಅದಕ್ಕೇ ಈ ಕಾಗದ. ಕಟ್ಟು ಬಿಚ್ಚಿಸಿದ ಮೇಲೆ ಬಲಗೈಯಲ್ಲೇ ಉತ್ತರ ಬರಿ. ಒಂದು ಸಾಲು ಸಾಕು, ಅಕ್ಷರ ಸೊಟ್ಟಗಿದ್ದರೆ ಇರಲಿ.

ಟಪಾಲಿನ ದಾರಿ ನೋಡುತ್ತಿರುವ,
ಯಶೋದ