ಆ ಮಾತು ನಿನ್ನದಲ್ಲ

ಅಪ್ಪ,

ಇವತ್ತು ಮಧ್ಯಾಹ್ನ ನಮ್ಮೂರು ಯಂಗ್ಸ್‌ಟೌನ್‌ನಲ್ಲೇ ನನ್ನ ನಾಟಕ ಆಡಿದರು. ನನಗೆ ಹೆಸರು ತಂದ ಅದೇ ನಾಟಕ. ಅದರಲ್ಲಿ ಹೆಂಡತಿ ಆಸ್ಪತ್ರೆಯಲ್ಲಿ ಸಾಯುತ್ತಿದ್ದರೂ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವ ಅಪ್ಪ, "ನಾನು ಬರಲ್ಲ, ಕೆಲಸ ಇದೆ" ಅನ್ನುತ್ತಾನೆ. ಮೂವತ್ತು ವರ್ಷದಿಂದ ಜನ ಅದು ನಿನ್ನದೇ ಮಾತೆಂದು ನಂಬಿ ನಿನ್ನನ್ನು ಶಪಿಸುತ್ತಿದ್ದಾರೆ. ನೀನೂ ಒಮ್ಮೆ ಬಂದು ನೋಡಿದೆ, ಏನೂ ಅನ್ನದೆ ಮನೆಗೆ ಹೋದೆ.

ಆಟ ಮುಗಿದು ಪ್ರೇಕ್ಷಕರು ನನ್ನನ್ನು ಪ್ರಶ್ನೆ ಕೇಳುತ್ತಿದ್ದಾಗ ವರ್ನಾ ಅಕ್ಕ ಎದ್ದು ನಿಂತಳು.

"ಅಪ್ಪ ಅಮ್ಮನ ಕೈ ಹಿಡ್ಕೊಂಡೇ ಕೂತಿದ್ದ ಕಣೋ. ನಿಂಗೆ ಫೋನ್ ಮಾಡಿದ್ದು ನಾನು. ನ್ಯೂಯಾರ್ಕಿಂದ ಬರಲ್ಲ ಅಂದಿದ್ದು ನೀನು!"

"ನಾಟಕ ಅಂದ್ಮೇಲೆ ಅಷ್ಟಿಷ್ಟು ಬದಲಾಗುತ್ತಕ್ಕಾ," ಎಂದೆ. ಜನ ನಕ್ಕರು. ಅವಳು ಕೋಟು ಎತ್ತಿಕೊಂಡು ಹೊರಟುಹೋದಳು. ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ.

ನಾಳೆಯಿಂದ ಆ ಮಾತನ್ನು ನಾಟಕದ ಮಗನೇ ಆಡಲಿ ಎಂದು ನಟರಿಗೆ ಹೇಳಿದೆ. ನಿನ್ನ ಪಾತ್ರ ಮಾಡುವ ಮುದುಕ ಡಾರೆಲ್, "ಸರಿ ಕಣಯ್ಯಾ ವಿಲ್ಬರ್, ಹಾಗಾದ್ರೆ ಅಲ್ಲಿ ನಾನೇನು ಹೇಳ್ಲಿ?" ಎಂದು ಕೇಳಿದ.

ಆಗಿನಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ, ಒಂದು ಸಾಲೂ ಹುಟ್ಟುತ್ತಿಲ್ಲ. ಅಮ್ಮ ಹೋಗುವ ಹೊತ್ತಿಗೆ ನೀನು ಅವಳಿಗೆ ಏನಂದೆ ಅಪ್ಪ? ನೀನು ಬದುಕಿದ್ದಷ್ಟು ದಿನ ನಾನು ಕೇಳಲೇ ಇಲ್ಲ.